ಬಿಲ್ಲೂ ಇಳಿಯಬೇಕು, ಬಾವಿಯೂ ತುಂಬಬೇಕು: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಕರೆಂಟ್ ಮೀಟರಿನ ಅಂಕೆ, ಗ್ಯಾಸ್ ಸಿಲಿಂಡರ್ ಹಾಕಿದ ತಾರೀಕು, ಪಂಪ್ ಓಡಿದ ಹೊತ್ತು, ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟು ರಿಂಗ್ ಇಳಿಯಿತು ಎಂಬುದು, ಎಲ್ಲ ಅದರಲ್ಲಿದೆ. ಅದನ್ನು ನೋಡಿದ ನೆಂಟರು, ಅಕ್ಕಪಕ್ಕದವರು ಒಂದೊಂದೇ ಕೇಳುತ್ತಾ ಹೋದರು. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಎಲ್ಲಿಂದ ಶುರು ಮಾಡುವುದು?

ಮೀಟರಿನಿಂದ. ಏನನ್ನೂ ಕೊಳ್ಳಬೇಡಿ, ಏನನ್ನೂ ಬದಲಿಸಬೇಡಿ. ಒಂದು ವಾರ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಹೋಗಿ ಅಂಕೆ ಬರೆದುಕೊಳ್ಳಿ. ಇಂದಿನದ್ದರಲ್ಲಿ ನಿನ್ನೆಯದ್ದು ಕಳೆದರೆ ಒಂದು ದಿನದ ಯೂನಿಟ್ ಸಿಗುತ್ತದೆ.

ನಾವು ಇನ್ನೊಂದು ಕೆಲಸ ಮಾಡಿದೆವು. ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಐದಕ್ಕೆ ಮೀಟರ್ ನೋಡಿದೆವು. ಎಲ್ಲರೂ ಮಲಗಿರುವ ಆ ಏಳು ಗಂಟೆಯಲ್ಲಿ ಎರಡು ಯೂನಿಟ್ ಹತ್ತಿರ ಖರ್ಚಾಗಿತ್ತು! ಮೂರು ಹಳೆಯ ಫ್ಯಾನ್, ಫ್ರಿಜ್ಜು, ಸ್ವಿಚ್ ಆರಿಸದೆ ಬಿಟ್ಟ ಸೆಟ್‌ಟಾಪ್ ಬಾಕ್ಸ್. ಅಲ್ಲಿಯ ತನಕ ನಾವು ಲೈಟ್ ಆರಿಸದ ಮಕ್ಕಳಿಗೆ ಬೈಯುತ್ತಿದ್ದೆವು. ಒಂಬತ್ತು ವಾಟಿನ ಎಲ್‌ಇಡಿ ಬಲ್ಬ್ ಒಂದು ಗಂಟೆ ಸುಮ್ನೆ ಉರಿದರೆ ಹೋಗುವುದು ಐದಾರು ಪೈಸೆ. ದುಡ್ಡು ಹೋಗುತ್ತಿದ್ದದ್ದು ಬೇರೆ ಕಡೆ.

ಕರೆಂಟ್ ಬಿಲ್ಲಿನಲ್ಲಿ ಏನು ನೋಡಬೇಕು? ಮಲಯಾಳ ಓದಲು ಬರುವುದಿಲ್ಲ.

ಅಂಕೆ ಓದಲು ಬಂದರೆ ಸಾಕು. ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎರಡರ ನಡುವಿನ ಯೂನಿಟ್. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ ಕೊಡುತ್ತದೆ. ಹಾಗಾಗಿ ಕರ್ನಾಟಕದ ನೆಂಟರ ಬಿಲ್ಲಿನ ಜೊತೆ ಹೋಲಿಸುವಾಗ ಅರ್ಧ ಮಾಡಿ ನೋಡಿ.

ನೆನಪಿಟ್ಟುಕೊಳ್ಳಬೇಕಾದ ಅಂಕೆ ಒಂದೇ: ಎರಡು ತಿಂಗಳಿಗೆ 500. ಅಷ್ಟರ ಒಳಗೆ ಇದ್ದರೆ ದರ ಮೆಟ್ಟಿಲಿನ ಹಾಗೆ ಏರುತ್ತದೆ. ಮೊದಲ ಯೂನಿಟ್‌ಗಳಿಗೆ ಕಡಿಮೆ, ಮೇಲಿನವಕ್ಕೆ ಜಾಸ್ತಿ. 500 ದಾಟಿದರೆ ಆ ಮೆಟ್ಟಿಲೇ ಹೋಗುತ್ತದೆ. ಮೊದಲ ಯೂನಿಟ್‌ನಿಂದ ಕೊನೆಯ ಯೂನಿಟ್ ತನಕ ಎಲ್ಲದಕ್ಕೂ ಒಂದೇ ದೊಡ್ಡ ದರ. 510 ಯೂನಿಟ್ ಸುಡುವ ಮನೆ ಹದಿನೈದು ಯೂನಿಟ್ ಉಳಿಸಿದರೆ ಬಿಲ್ಲಿನಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ವ್ಯತ್ಯಾಸ ಕಾಣುತ್ತದೆ. ನೀವು ಈ ಗಡಿಯ ಹತ್ತಿರ ಇದ್ದರೆ ಈ ಪುಟದ ಉಳಿದ ಉತ್ತರಗಳನ್ನು ದಯವಿಟ್ಟು ಗಮನವಿಟ್ಟು ಓದಿ.

ಪಂಪ್, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮಷಿನ್ ಮೂರನ್ನೂ ಹಗಲಿಗೆ ಇಟ್ಟುಕೊಳ್ಳಿ. ಸಂಜೆ 6ರಿಂದ ರಾತ್ರಿ 10 ಎಲ್ಲರೂ ಒಟ್ಟಿಗೆ ಕರೆಂಟ್ ಎಳೆಯುವ ಹೊತ್ತು. ವೋಲ್ಟೇಜ್ ಕುಸಿದು ಮೋಟಾರು ಬಿಸಿಯಾಗುವುದೂ ಅದೇ ಹೊತ್ತಿಗೆ.

ಹಳೆಯ ಫ್ಯಾನ್ ಸರಿಯಾಗಿಯೇ ತಿರುಗುತ್ತಿದೆ. ಯಾಕೆ ಬದಲಿಸಬೇಕು?

ಎಲ್ಲ ಫ್ಯಾನ್ ಬದಲಿಸಬೇಡಿ. ಮಲಗುವ ಕೋಣೆಯದ್ದು, ಅಂದರೆ ಅತಿ ಹೆಚ್ಚು ಹೊತ್ತು ತಿರುಗುವುದನ್ನು ಮಾತ್ರ ನೋಡಿ. ಹಳೆಯ ಫ್ಯಾನಿಗೆ 75 ವಾಟ್ ಬೇಕು, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಆಸುಪಾಸು. ದಿನಕ್ಕೆ 15 ಗಂಟೆ ತಿರುಗಿದರೆ ಎರಡು ತಿಂಗಳಿಗೆ 40 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 240 ರೂಪಾಯಿ. ಮಳೆಗಾಲದಲ್ಲಿ ಫ್ಯಾನ್ ಕಡಿಮೆ ಬೇಕಲ್ವಾ, ಅದನ್ನು ಕಳೆದರೂ ಹೆಚ್ಚು ಕೊಟ್ಟ ದುಡ್ಡು ಒಂದೂವರೆ ವರ್ಷದಲ್ಲಿ ವಾಪಸ್ ಬರುತ್ತದೆ. ನೆಂಟರು ಬಂದಾಗ ಮಾತ್ರ ಹಾಕುವ ಚಾವಡಿಯ ಫ್ಯಾನ್ ಹಾಗೇ ಇರಲಿ.

ಬಲ್ಬಿನ ವಿಷಯದಲ್ಲಿ ನಾವು ಒಂದು ತಪ್ಪು ಮಾಡಿದೆವು. ಸಂತೆಯಲ್ಲಿ ಹೆಸರೇ ಇಲ್ಲದ ಎಲ್‌ಇಡಿ ಬಲ್ಬುಗಳನ್ನು ಡಜನ್ ತಂದೆವು. ಒಂದು ಮಳೆಗಾಲ ಮುಗಿಯುವ ಮೊದಲೇ ಏಳು ಹೋದವು. ಗ್ಯಾರಂಟಿ ಕಾರ್ಡ್ ಇರುವುದನ್ನೇ ತನ್ನಿ. ಹೋದ ಬಲ್ಬನ್ನು ಗುಡ್ಡೆಗೆ ಎಸೆಯಬೇಡಿ. ಅದು ಇ-ತ್ಯಾಜ್ಯ.

ಸ್ನಾನಕ್ಕೆ ಗೀಸರ್ ಒಳ್ಳೆಯದೋ, ಬಚ್ಚಲೊಲೆಯೋ?

ಎರಡು ಕಿಲೋವಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ಎರಡು ತಿಂಗಳಿಗೆ 60. ತೋಟ ಇರುವ ಮನೆಯಲ್ಲಿ ಒಣ ಮಡಲು, ಗೆರಟೆ, ತೆಂಗಿನ ಸಿಪ್ಪೆ, ಅಡಕೆ ಸೋಗೆ ಬಿದ್ದೇ ಇರುತ್ತದೆ. ಅಂಥ ಮನೆಗೆ ಬಚ್ಚಲೊಲೆಯೇ ಸರಿ ಎಂದು ನನಗೆ ಅನಿಸುತ್ತದೆ. ಆದರೆ ಮೂರು ಮಾತು. ಹೊಗೆ ಹೊರಗೆ ಹೋಗಲು ಚಿಮಣಿ ಬೇಕು. ಸೌದೆ ಚೆನ್ನಾಗಿ ಒಣಗಿರಬೇಕು, ಅದಕ್ಕೆ ಮೇ ತಿಂಗಳಲ್ಲೇ ಕೊಟ್ಟಿಗೆ ತುಂಬಿಸಿ. ಮತ್ತು ಬೆಂಕಿ ಹಿಡಿಸಲು ಪ್ಲಾಸ್ಟಿಕ್ ಕವರ್ ಹಾಕುವ ಅಭ್ಯಾಸ ಇವತ್ತೇ ಬಿಡಿ. ಆ ಹೊಗೆಯನ್ನು ಮೊದಲು ಕುಡಿಯುವುದು ಒಲೆಯ ಮುಂದೆ ಬಗ್ಗಿ ಊದುವ ಅಮ್ಮನೋ ಅತ್ತೆಯೋ.

ಪೇಟೆಯ ಮನೆಯಾದರೆ ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ಬೇಸಿಗೆಯಲ್ಲಿ ಬಿಸಿನೀರೇ ಬೇಡ ಎಂದು ನಿಮ್ಮ ಮನೆಯವರು ಒಪ್ಪಿದರೆ ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಮಾಡಿನ ಮೇಲೆ ಸೋಲಾರ್ ಪ್ಯಾನಲ್?

ಬಿಲ್ ದೊಡ್ಡದಿದ್ದರೆ ಖಂಡಿತ ಯೋಚಿಸಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲಕ್ಕೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಒಂದು ಕಿಲೋವಾಟ್ ಬಿಸಿಲಿರುವ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಜೂನ್-ಜುಲೈಯಲ್ಲಿ ಬಹಳ ಇಳಿಯುತ್ತದೆ. ಮೊದಲು ನೋಡಬೇಕಾದದ್ದು ತೆಂಗಿನ ಮರದ ನೆರಳು. ಹತ್ತು ಗಂಟೆಯಿಂದ ಮೂರರ ತನಕ ಮಾಡಿನ ಮೇಲೆ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ನೀವೇ ನಿಂತು ನೋಡಿ. ಆಮೇಲೆ ಕಂಪೆನಿಯವರನ್ನು ಕರೆಯಿರಿ. ಮತ್ತೆ, ಫ್ಯಾನು-ಪಂಪಿನ ಖರ್ಚು ಇಳಿಸಿದ ಮೇಲೆಯೇ ಎಷ್ಟು ಕಿಲೋವಾಟ್ ಬೇಕು ಎಂದು ತೀರ್ಮಾನಿಸಿ. ಚಿಕ್ಕದೇ ಸಾಕಾಗಬಹುದು.

ಕುಚ್ಚಲಕ್ಕಿ ಬೇಯಿಸುವಷ್ಟರಲ್ಲಿ ಅರ್ಧ ಗ್ಯಾಸ್ ಹೋಗುತ್ತದೆ. ಏನು ಮಾಡುವುದು?

ಇದಕ್ಕೆ ಒಳ್ಳೆಯ ಉತ್ತರ ನಮ್ಮ ಅಂಗಡಿಗಳಲ್ಲೇ ಸಿಗುವ ತರ್ಮಲ್ ಕುಕ್ಕರ್ ಪೆಟ್ಟಿಗೆ. ಅಕ್ಕಿಯನ್ನು ನೀರಿನಲ್ಲಿ ಚೆನ್ನಾಗಿ ಹದಿನೈದು ನಿಮಿಷ ಕುದಿಸಿ, ಮುಚ್ಚಳ ಹಾಕಿ, ಪಾತ್ರೆ ಸಮೇತ ಪೆಟ್ಟಿಗೆಯೊಳಗೆ ಇಟ್ಟುಬಿಡಿ. ಒಂದು-ಒಂದೂವರೆ ಗಂಟೆಯಲ್ಲಿ ಅದರ ಬಿಸಿಯಲ್ಲೇ ಅನ್ನ ಬೇಯುತ್ತದೆ. ತಳ ಹಿಡಿಯುವುದಿಲ್ಲ, ಕಾಯಬೇಕಾಗಿಲ್ಲ. ಬೆಳಿಗ್ಗೆ ದೋಸೆ ಹೊಯ್ಯುವ ಮೊದಲು ಇಟ್ಟರೆ ಮಕ್ಕಳ ಬುತ್ತಿಗೆ ಅನ್ನ ತಯಾರು. ರಾತ್ರಿ ನೆನೆಹಾಕಿದ ಅಕ್ಕಿಯಾದರೆ ಇನ್ನೂ ಬೇಗ.

ನಮ್ಮ 14.2 ಕಿಲೋದ ಸಿಲಿಂಡರ್ ಮೊದಲು 32 ದಿನ ಬರುತ್ತಿತ್ತು. ಪೆಟ್ಟಿಗೆ ಬಂದ ಮೇಲೆ 41 ದಿನ. ಕಡಲೆ, ಹೆಸರು, ಅಲಸಂಡೆ ನೆನೆಹಾಕದೆ ಕುಕ್ಕರಿಗೆ ಹಾಕುವುದನ್ನೂ ನಿಲ್ಲಿಸಿದೆವು. ಬರ್ನರಿನ ತೂತು ಕಟ್ಟಿ ಬೆಂಕಿ ಹಳದಿಯಾಗಿದ್ದರೆ ಗ್ಯಾಸ್ ಸುಮ್ನೆ ಹೋಗುತ್ತಿದೆ ಎಂದು ಅರ್ಥ. ಒಂದು ಪಿನ್ನು, ಸ್ವಲ್ಪ ಸೋಪುನೀರು, ಹತ್ತು ನಿಮಿಷ ಸಾಕು.

ಇಷ್ಟೊಂದು ಮಳೆ ಬರುತ್ತದೆ. ಮತ್ತೆ ಏಪ್ರಿಲಿನಲ್ಲಿ ಬಾವಿ ಯಾಕೆ ಬತ್ತುತ್ತದೆ?

ಇದೇ ನಿಜವಾದ ಪ್ರಶ್ನೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ನೆಲ ಇಳಿಜಾರು, ಕಡಲು ಹತ್ತಿರ. ತೋಡಿಗೆ ಬಂದ ನೀರು ಹೊಳೆಗೆ, ಹೊಳೆಗೆ ಬಂದದ್ದು ಸಮುದ್ರಕ್ಕೆ. ಹೀಗೆ ಓಡುವ ನೀರನ್ನು ಸ್ವಲ್ಪ ನಿಲ್ಲಿಸಿ, ಮಣ್ಣಿಗೆ ಇಳಿಸಬೇಕು.

ಲೆಕ್ಕ ನೋಡಿ. ಸಾವಿರ ಚದರಡಿ ಮಾಡು ಅಂದರೆ 93 ಚದರ ಮೀಟರ್. ಒಂದು ಮಿ.ಮೀ. ಮಳೆಗೆ 93 ಲೀಟರ್ ನೀರು. 3,500 ಮಿ.ಮೀ.ಗೆ ಮೂರು ಲಕ್ಷದ ಇಪ್ಪತ್ತೈದು ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಚೆಲ್ಲಿಹೋಯಿತು ಅಂದರೂ ಎರಡು ಲಕ್ಷದ ಅರವತ್ತು ಸಾವಿರ. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ಇದು 520 ದಿನದ ನೀರು! ನಮ್ಮ ಒಂದು ಮಾಡಿನಿಂದ!

ಅಷ್ಟನ್ನೂ ಟ್ಯಾಂಕಿಯಲ್ಲಿ ಇಡಲು ಆಗುವುದಿಲ್ಲ, ನಿಜ. ಬಾವಿಯ ಕಡೆಗೆ ತಿರುಗಿಸಬಹುದು. ಮಾಡಿನ ಅಂಚಿಗೆ ನೀರು ಹರಿಯುವ ದೋಣಿ ಕಟ್ಟಿಸಿ, ಪೈಪಿನಲ್ಲಿ ತಂದು, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಸೋಸಿ ಬಾವಿಗೆ ಬಿಡಿ. ಮೊದಲ ಎರಡು-ಮೂರು ಮಳೆಯ ನೀರು ಬೇಡ. ಮಾಡಿನ ಧೂಳು, ಹಕ್ಕಿಯ ಹಿಕ್ಕೆ ತೊಳೆದುಹೋಗಲಿ. ಪ್ರತಿ ಮೇ ತಿಂಗಳಲ್ಲಿ ಮರಳನ್ನು ತೆಗೆದು ತೊಳೆಯಿರಿ. ಬಾವಿ ಇಲ್ಲದವರು ಅಂಗಳದ ತಗ್ಗಿನಲ್ಲಿ ಒಂದು ಇಂಗುಗುಂಡಿ ತೋಡಿದರೂ ಕೆಳಗಿನ ಮನೆಯವರ ಬಾವಿಗೆ ಅದು ಹೋಗುತ್ತದೆ. ನಮ್ಮ ಮುರಕಲ್ಲು ನೀರನ್ನು ಬೇಗ ಕುಡಿಯುತ್ತದೆ. ಆದರೆ ಕಡಿದಾದ ಗುಡ್ಡದ ಬುಡದಲ್ಲಿ ಮನೆ ಇದ್ದರೆ ಮೇಲ್ಭಾಗದಲ್ಲಿ ಇಂಗುಗುಂಡಿ ಬೇಡ, ಮಣ್ಣು ಜರಿಯುವ ಅಪಾಯ ಇದೆ.

ಸುರಂಗ ಇರುವ ಮನೆಯವರಿಗೆ ನನ್ನದೊಂದು ಕೋರಿಕೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳು ಇನ್ನೂ ನೀರು ಕೊಡುತ್ತಿವೆ. ಇಳಿಜಾರಿನಲ್ಲಿ ತಾನಾಗಿ ಬರುವ ನೀರು, ಮೋಟಾರು ಬೇಡ, ಬಿಲ್ಲು ಇಲ್ಲ. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಮನೆಗಳು ಸುರಂಗದ ಬಾಯಿಯನ್ನೇ ಮರೆತವು. ಒಳಗೆ ಹೂಳು ತುಂಬಿದರೆ ನೀರು ದಾರಿ ತಪ್ಪುತ್ತದೆ. ಅನುಭವ ಇರುವ ಕೆಲಸದವರನ್ನೇ ಕರೆದು ವರ್ಷಕ್ಕೊಮ್ಮೆ ಹೂಳು ತೆಗೆಸಿ. ನೀವೇ ಒಳಗೆ ಹೋಗಬೇಡಿ.

ಹಾಗೆಯೇ ಕಟ್ಟ. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಅಡಕೆ ಮರದ ಸಲಕೆ ಇಟ್ಟು ಊರವರೇ ಸೇರಿ ಕಟ್ಟುವ ತಾತ್ಕಾಲಿಕ ಒಡ್ಡು. ಏತಡ್ಕದ ಕಡೆ ಇದು ಈಗಲೂ ಊರಿನ ಕೆಲಸ. ಕಟ್ಟದ ಹಿಂದೆ ನಿಂತ ನೀರು ಸುತ್ತಲಿನ ಬಾವಿಗಳಲ್ಲಿ ಕಾಣುತ್ತದೆ. ಒಂದು ದಿನದ ಶ್ರಮದಾನಕ್ಕೆ ಹೋಗುವುದು ಕೂಡ ಮನೆಯ ಖರ್ಚು ಇಳಿಸುವ ಅಭ್ಯಾಸವೇ. ಬಾವಿಯ ನೀರು ಮೇಲೆ ಇದ್ದಷ್ಟೂ ಪಂಪ್ ಕಡಿಮೆ ಹೊತ್ತು ಓಡುತ್ತದೆ. ಒಂದು ಎಚ್‌ಪಿ ಪಂಪ್ ಒಂದು ಗಂಟೆ ಓಡಿದರೆ ಸುಮಾರು ಒಂದು ಯೂನಿಟ್.

ಮನೆಯೊಳಗೆ ನೀರು ಉಳಿಸುವುದು ಹೇಗೆ?

ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಒಂದು ಬಕೆಟ್ ಇಡಿ. ಬೆಳಿಗ್ಗೆ ಎಷ್ಟಾಯಿತು ನೋಡಿ. ನಮ್ಮಲ್ಲಿ ಅರ್ಧ ಬಕೆಟ್ ತುಂಬಿತ್ತು, ವಾಷರಿನ ಬೆಲೆ ಕೆಲವೇ ರೂಪಾಯಿ. ಶವರ್ ಬಿಟ್ಟು ಬಕೆಟಿನಲ್ಲಿ ಸ್ನಾನ ಮಾಡಿ. ಅಕ್ಕಿ ತೊಳೆದ ಅಕ್ಕಚ್ಚು ದನಕ್ಕೋ ಬಸಳೆ ಬುಡಕ್ಕೋ ಹೋಗಲಿ. ಪಾತ್ರೆ ತೊಳೆದ ನೀರು ಬಾಳೆಗೆ.

ಅಡಕೆ ತೋಟಕ್ಕೆ ಸ್ಪ್ರಿಂಕ್ಲರ್ ಇದೆ. ಡ್ರಿಪ್ ಮಾಡಿಸಿದರೆ ಲಾಭ ಉಂಟಾ?

ಉಂಟು. ಅಡಕೆಗೆ ಡ್ರಿಪ್ ಆದರೆ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ಸಾಕು ಎಂಬುದು ಸಂಶೋಧಕರ ಶಿಫಾರಸು. ಬುಡಕ್ಕೆ ಸೋಗೆ, ಸೊಪ್ಪು ಮುಚ್ಚಿದರೆ ತೇವ ನಿಲ್ಲುತ್ತದೆ. ತೆಂಗಿನ ಮಡಲನ್ನು ಸುಡುವವರನ್ನು ಈಗಲೂ ನೋಡುತ್ತೇನೆ, ಬೇಸರವಾಗುತ್ತದೆ. ಕಾಸರಗೋಡಿನಲ್ಲೇ ಇರುವ ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ, ತೆಂಗಿನ ಗರಿಯಿಂದಲೇ ಎರೆಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದೆ. ಗೊಬ್ಬರದ ಚೀಲಕ್ಕೆ ದುಡ್ಡು ಕೊಡುವ ಮೊದಲು ಒಂದು ಸಲ ಅಲ್ಲಿಗೆ ಹೋಗಿ ನೋಡಿ ಬನ್ನಿ.

ಪ್ಲಾಸ್ಟಿಕ್ ಕಸ ಒಯ್ಯುವ ಹರಿತಕರ್ಮ ಸೇನೆಗೆ ತಿಂಗಳಿಗೆ 50 ರೂಪಾಯಿ ಯಾಕೆ ಕೊಡಬೇಕು? ನಾವೇ ಸುಡುತ್ತೇವಲ್ಲ?

ಸುಟ್ಟರೆ ಅದು ಎಲ್ಲಿಗೂ ಹೋಗುವುದಿಲ್ಲ. ಹೊಗೆಯಾಗಿ ನಿಮ್ಮ ಮನೆಗೇ ಬರುತ್ತದೆ, ಬೂದಿಯಾಗಿ ನಿಮ್ಮ ಬಾವಿಯ ಬಳಿಯ ಮಣ್ಣಿಗೇ ಸೇರುತ್ತದೆ. ಪಿವಿಸಿ ಸುಟ್ಟಾಗ ಬರುವ ಡಯಾಕ್ಸಿನ್ ಭಾರೀ ವಿಷ. ಸಿಕ್ಕಿಬಿದ್ದರೆ ದಂಡವೂ ಇದೆ.

50 ರೂಪಾಯಿಗೆ ಮನೆ ಬಾಗಿಲಿಗೆ ಬಂದು ಒಯ್ಯುತ್ತಾರೆ. ಅವರೂ ನಮ್ಮ ಊರಿನ ಹೆಂಗಸರೇ, ಬಿಸಿಲಲ್ಲಿ ಗುಡ್ಡೆ ಹತ್ತಿ ಬರುವವರು. ಅವರಿಗೆ ಕೊಳೆತು ನಾರುವ ಕವರ್ ಕೊಡಬೇಡಿ. ಹಾಲಿನ ಪ್ಯಾಕೆಟನ್ನು ಪೂರ್ತಿ ತುಂಡು ಮಾಡದೆ ಮೂಲೆ ಮಾತ್ರ ಕತ್ತರಿಸಿ, ಮಗುಚಿ ತೊಳೆದು, ಬಳ್ಳಿಗೆ ಕ್ಲಿಪ್ ಹಾಕಿ ಒಣಗಿಸಿ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇಂಥ ಪ್ಯಾಕೆಟಿನ ಸಾಲೇ ಇದೆ. ಮೂಲೆಯ ಚಿಕ್ಕ ಚೂರು ಬೇರೆ ಆಗದಿದ್ದರೆ ಅದು ಹಟ್ಟಿಯ ಗೊಬ್ಬರಕ್ಕೆ ಸೇರುವುದಿಲ್ಲ, ದನದ ಹೊಟ್ಟೆಗೂ ಹೋಗುವುದಿಲ್ಲ.

ಬಟ್ಟೆಯ ಹಾಗೆ ಕಾಣುವ ಬಣ್ಣದ ಚೀಲ ಒಳ್ಳೆಯದಲ್ವಾ?

ಅದೂ ಪ್ಲಾಸ್ಟಿಕ್ಕೇ. ಹಳೆಯ ಪಂಚೆ, ಪ್ಯಾಂಟಿನಿಂದ ಚೀಲ ಹೊಲಿಸಿ ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಇಟ್ಟುಬಿಡಿ.

ಅಡುಗೆಮನೆಯ ಕಸಕ್ಕೆ ಏನು ಮಾಡುವುದು? ಜಾಗ ಕಡಿಮೆ.

ಪೈಪ್ ಕಾಂಪೋಸ್ಟ್ ಮಾಡಿ. ಎಂಟು ಇಂಚಿನ, ಸುಮಾರು ನಾಲ್ಕಡಿ ಉದ್ದದ ಎರಡು ಪಿವಿಸಿ ಪೈಪನ್ನು ಒಂದಡಿ ಮಣ್ಣಿನೊಳಗೆ ನೆಟ್ಟಗೆ ಹೂಳಬೇಕು. ತಿಂಗಳಿಡೀ ಒಂದಕ್ಕೆ ಹಾಕಿ, ತುಂಬಿದ ಮೇಲೆ ಇನ್ನೊಂದಕ್ಕೆ. ಆಗಾಗ ಸೆಗಣಿ ನೀರೋ ಬೆಲ್ಲದ ನೀರೋ ಚಿಮುಕಿಸಿ. ಗಂಜಿನೀರು, ಸಾರು ಹೊಯ್ಯಬೇಡಿ. ಮೊದಲ ವರ್ಷ ಗಾಳಿಗೆ ಮುಚ್ಚಳ ಹಾರಿ, ಒಳಗೆ ಮಳೆನೀರು ತುಂಬಿ, ಹುಳವಾಗಿ ನಾವು ಒಂದು ವಾರ ಆ ಕಡೆ ಹೋಗಲಾಗದೆ ಒದ್ದಾಡಿದೆವು. ಈಗ ಮುಚ್ಚಳದ ಮೇಲೆ ಕಲ್ಲು ಇಡುತ್ತೇವೆ, ಒದ್ದೆ ಜಾಸ್ತಿಯಾದರೆ ಒಣ ತರಗೆಲೆ ಹಾಕುತ್ತೇವೆ.

ತೋಟದಲ್ಲಿ ಬಿದ್ದ ಗೆರಟೆ, ಅಡಕೆ ಹಾಳೆ ಎರಡನ್ನೂ ಮಗುಚಿ ಹಾಕಿ. ಮಳೆ ನೀರು ನಿಂತರೆ ಡೆಂಗಿ ಸೊಳ್ಳೆ ಅಲ್ಲೇ ಹುಟ್ಟುವುದು.

ಊಟದ ಖರ್ಚಿನಲ್ಲಿ ಉಳಿಸಲು ಸಾಧ್ಯವಾ?

ಹಲಸಿನ ಮರ ಇರುವ ಮನೆಯಲ್ಲಿ ಈ ಪ್ರಶ್ನೆ ಬರಬಾರದು! ಏಪ್ರಿಲ್-ಮೇಯಲ್ಲಿ ಹಪ್ಪಳ, ಉಪ್ಪುಸೊಳೆ, ಮಾವಿನ ಮಾಂಬಳ ಮಾಡಿಟ್ಟರೆ ತರಕಾರಿಗೆ ಬೆಲೆ ಏರುವ ಆಟಿ ತಿಂಗಳು ಸಲೀಸು. ಉಪ್ಪುಸೊಳೆಯನ್ನು ರಾತ್ರಿ ನೀರಿನಲ್ಲಿಟ್ಟು, ಎರಡು ಸಲ ಹಿಂಡಿ ಉಪ್ಪು ತೆಗೆದು, ಕಾಯಿತುರಿ ಹಾಕಿ ಪಲ್ಯ ಮಾಡಿದರೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಊಟವೇ. ಹಲಸಿನ ಬೇಳೆಯನ್ನು ಮರಳಿನಲ್ಲಿ ಹೂತಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ, ಹೀರೆಕಾಯಿ ಸಿಪ್ಪೆ ಚಟ್ನಿಗೆ, ಬಾಳೆದಂಡು ಸಾಸಿವೆಗೆ. ನಮ್ಮ ಅಜ್ಜಿಯಂದಿರು ಇದನ್ನು ಪರಿಸರ ಅಂತ ಮಾಡಿದ್ದಲ್ಲ. ಇದ್ದದ್ದನ್ನು ಬಿಸಾಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ತರಕಾರಿ ಗಿಡಕ್ಕೆ ಹುಳ ಬಿದ್ದಿದೆ. ಔಷಧ ಹೊಡೆಯದೆ ಆಗುತ್ತಾ?

ನಮ್ಮ ಜಿಲ್ಲೆಯವರು ಈ ಪ್ರಶ್ನೆ ಕೇಳಿದಾಗ ನನ್ನ ಮನಸ್ಸು ಭಾರವಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದದ್ದು ಇಲ್ಲೇ. ಆ ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಎಣ್ಮಕಜೆ, ಪಡ್ರೆಯ ಮನೆಗಳಲ್ಲಿ ಅದರ ನೋವು ಇನ್ನೂ ಮುಗಿದಿಲ್ಲ.

ಮನೆ ಬಳಕೆಗೆ ಒಂದು ಲೀಟರ್ ನೀರಿಗೆ 20 ಮಿ.ಲೀ. ಬೇವಿನ ಎಣ್ಣೆ, 20 ಗ್ರಾಂ ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಬಾರ್ ಸೋಪು. ಸೋಪನ್ನು ಬಿಸಿನೀರಿನಲ್ಲಿ ಕರಗಿಸಿ ಎಣ್ಣೆಯ ಜೊತೆ ಚೆನ್ನಾಗಿ ಕದಡಿ, ಬೆಳ್ಳುಳ್ಳಿ ರಸ ಸೇರಿಸಿ, ಸೋಸಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಹುಳ ಅಡಗುವುದು ಅಲ್ಲೇ.

ಮಂಗಳೂರಿಗೆ ಸ್ಕೂಟರಿನಲ್ಲಿ ಹೋದರೆ ಅಗ್ಗವಲ್ವಾ?

ಕಾಸರಗೋಡಿನಿಂದ ಮಂಗಳೂರಿಗೆ 50 ಕಿ.ಮೀ. ಹೋಗಿ ಬರಲು ಎರಡು ಲೀಟರ್ ಪೆಟ್ರೋಲ್, ಅಂದರೆ ಇನ್ನೂರು ರೂಪಾಯಿಯ ಮೇಲೆ. ಲೀಟರಿಗೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಕೂಡ. ಪ್ಯಾಸೆಂಜರ್ ರೈಲಿಗೆ ಅದರ ಒಂದು ಪುಟ್ಟ ಪಾಲು ಸಾಕು. ದಿನಾ ಕೆಲಸಕ್ಕೋ ಕಾಲೇಜಿಗೋ ಹೋಗುವವರು ಸೀಸನ್ ಟಿಕೆಟ್ ಮಾಡಿಸಿ. ಸ್ಕೂಟರ್ ಕುಂಬಳೆ, ಉಪ್ಪಳ, ಮಂಜೇಶ್ವರ, ಹತ್ತಿರದ ಸ್ಟೇಷನ್ ತನಕ ಇರಲಿ.

ಮನೆಯ ಹಿರಿಯರು ಒಪ್ಪುವುದಿಲ್ಲ. ಏನು ಮಾಡಲಿ?

ಹೆಚ್ಚಿನ ಮನೆಗಳಲ್ಲಿ ಅವರು ಮೊದಲಿನಿಂದ ಮಾಡುತ್ತಿದ್ದುದನ್ನು ನಾವೇ ಬಿಡಿಸಿದ್ದು. ಅವರನ್ನೇ ಕೇಳಿ: ಮೊದಲು ನಮ್ಮ ಬಾವಿಯ ನೀರು ಎಷ್ಟರ ತನಕ ಇರುತ್ತಿತ್ತು, ಕಟ್ಟ ಎಲ್ಲಿ ಹಾಕುತ್ತಿದ್ದರು? ನಮ್ಮ ಮಾವ ಆ ನೋಟ್‌ಬುಕ್ಕನ್ನು ಮೊದಲು ಮುಟ್ಟಲೇ ಇಲ್ಲ. ಈಗ ಬೆಳಿಗ್ಗೆ ಐದಕ್ಕೆ ಟಾರ್ಚ್ ಹಿಡಿದು ಮೀಟರ್ ನೋಡುವುದು ಅವರೇ.

ಮದುವೆ, ಉಪನಯನಕ್ಕೆ ಸಾವಿರ ಜನ ಬಂದರೆ ಇದೆಲ್ಲ ನಡೆಯುತ್ತಾ?

ಊಟಕ್ಕೆ ಬಾಳೆಎಲೆ ಹೇಗೂ ಇದೆ. ತೊಂದರೆ ಇರುವುದು ಬೆಳಗಿನ ತಿಂಡಿ ಮತ್ತು ಬಾಯಾರಿಕೆಯಲ್ಲಿ. ತಿಂಡಿಗೆ ಹಾಳೆ ತಟ್ಟೆ ಮಾಡಿ, ಹಾಳೆ ನಮ್ಮದೇ ತೋಟದ್ದು. ಕಾಗದದ ಲೋಟದ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಅದನ್ನು ತರಬೇಡಿ. ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ, ಕೆಲವು ಕಡೆ ಹೆಂಗಸರ ಸಂಘಗಳಾದ ಕುಟುಂಬಶ್ರೀಯವರೇ ಕೊಡುತ್ತಾರೆ. ನಮ್ಮ ಮನೆಯ ಉಪನಯನಕ್ಕೆ 600 ಲೋಟ ತರಿಸಿದ್ದೆವು. ತೊಳೆಯಲು ಇಬ್ಬರಿಗೆ ಕೂಲಿ ಕೊಟ್ಟೆವು. ಬಾಟಲಿ ನೀರಿನ ಬದಲು ಶುಂಠಿ ಹಾಕಿ ಕುದಿಸಿದ ನೀರನ್ನು ಕೊಪ್ಪರಿಗೆಯಲ್ಲಿ ಇಟ್ಟೆವು. ಕಾರ್ಯಕ್ರಮ ಮುಗಿದ ಮೇಲೆ ಬಾಳೆಎಲೆ, ಹಾಳೆ ಎಲ್ಲ ತೆಂಗಿನ ಬುಡದ ಹೊಂಡಕ್ಕೆ ಹೋಯಿತು. ಸಂಜೆ ಆರಕ್ಕೆ ಅಂಗಳ ಗುಡಿಸಿದಾಗ ಉಳಿದ ಪ್ಲಾಸ್ಟಿಕ್ ಒಂದು ಚೀಲದಷ್ಟೂ ಇರಲಿಲ್ಲ. ಅದರಲ್ಲೂ ಹೆಚ್ಚಿನದ್ದು ನೆಂಟರು ತಂದ ಉಡುಗೊರೆಯ ಕವರ್.